ದೊಡ್ಡ ಕಂಪನಿಗಳ ಹಂಗು ಕಡಿಮೆ ಮಾಡಿಕೊಳ್ಳೋದು ಹೇಗೆ? ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ತಿಥಿ ಕಾರ್ಡು, ಕೊಬ್ಬರಿ ಮಂಡಿಯವರ ಬಿಲ್ ಬುಕ್ಕು, ಆಗೊಮ್ಮೆ ಈಗೊಮ್ಮೆ ಯಾರದಾದರೂ ಕವನ ಸಂಕಲನ. ಅಂಗಡಿಯ ಎರಡೂ ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಇದೆ, ವಿಂಡೋಸ್ ಥರ ಕಂಪ್ಯೂಟರನ್ನು ನಡೆಸುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಅದು. ಪರದೆ ನೋಡಿದವರು "ಇದೇನ್ ಮೇಡಂ, ಬೇರೆ ಥರ ಇದೆಯಲ್ಲ" ಅಂತ ಶುರು ಮಾಡುತ್ತಾರೆ. ಜೆರಾಕ್ಸ್ ಮುಗಿಯುವಷ್ಟರಲ್ಲಿ ಉತ್ತರ ಮುಗಿಯುವುದಿಲ್ಲ. ಅದಕ್ಕೇ ಬರೆದಿಟ್ಟಿದ್ದೇನೆ.

ಎಲ್ಲಾ ಫ್ರೀಯಾಗೇ ಸಿಗ್ತಿದೆ. ನಿಮಗ್ಯಾಕೆ ಬೇಕಿತ್ತು ಈ ಉಸಾಬರಿ?

ಬೇಕಿರಲಿಲ್ಲ, ತಾನಾಗೇ ಬಂದು ಮೇಲೆ ಬಿತ್ತು. ಕೆಲವು ವರ್ಷದ ಹಿಂದೆ, ಮದುವೆ ಸೀಸನ್ ನಡುವೆ ಒಂದು ಬೆಳಗ್ಗೆ ನನ್ನ ಇಮೇಲ್ ತೆರೆಯಲಿಲ್ಲ. ಖಾತೆಯಲ್ಲಿ ನಿಯಮ ಮೀರಿದ ಚಟುವಟಿಕೆ ಕಂಡಿದೆ ಅಂತ ಎರಡು ಸಾಲು ಬಂತು. ಯಾವ ನಿಯಮ, ಏನು ಚಟುವಟಿಕೆ, ಅದೆಲ್ಲ ಇಲ್ಲ. ಒಳಗೆ ಒಂಬತ್ತು ಗಿರಾಕಿಗಳ ಕಾರ್ಡಿನ ಪ್ರೂಫ್, ಮಗನ ನಾಮಕರಣದ ಫೋಟೋ, ಊರವರ ಫೋನ್ ನಂಬರು ಎಲ್ಲಾ ಇದ್ದವು. ಫಾರಂ ತುಂಬಿದೆ, ಯಂತ್ರ ಉತ್ತರ ಕೊಟ್ಟಿತು. ಮತ್ತೆ ತುಂಬಿದೆ, ಮತ್ತೆ ಅದೇ ಉತ್ತರ. ಫೋನ್ ಮಾಡಿ ಬೈಯೋಣ ಅಂದರೆ ನಂಬರೇ ಇಲ್ಲ. ಹನ್ನೊಂದನೇ ದಿನ ಖಾತೆ ತಾನಾಗೇ ತೆರೆದುಕೊಂಡಿತು, ಯಾಕೆ ಅಂತ ಆಗಲೂ ಹೇಳಲಿಲ್ಲ. ಅಷ್ಟರೊಳಗೆ ಏಳು ಕಾರ್ಡುಗಳನ್ನು ರಾತ್ರಿ ಕೂತು ಮತ್ತೆ ಟೈಪ್ ಮಾಡಿದ್ದೆ. ಆ ಗಡಿಬಿಡಿಯಲ್ಲಿ ಒಂದರಲ್ಲಿ ಹುಡುಗಿಯ ಅಜ್ಜಿಯ ಹೆಸರು ಬಿಟ್ಟುಹೋಯಿತು. ಆ ಮನೆಯವರು ಇವತ್ತಿಗೂ ನನ್ನ ಅಂಗಡಿ ಕಡೆ ತಿರುಗಿ ನೋಡುವುದಿಲ್ಲ.

ಬಾಡಿಗೆ ಮನೆ ಹಿತ್ತಲಲ್ಲಿ ನಮ್ಮ ಕಡೆ ಯಾರೂ ತೆಂಗಿನ ಸಸಿ ಇಡುವುದಿಲ್ಲ. ಕಾಯಿ ಬಿಡುವ ಹೊತ್ತಿಗೆ ಮನೆ ಯಾರದೋ. ನಾನು ಎಷ್ಟೋ ವರ್ಷದಿಂದ ಆ ಕೆಲಸವನ್ನೇ ಮಾಡುತ್ತಿದ್ದೆ ಅಂತ ಆ ಹನ್ನೊಂದು ದಿನದಲ್ಲಿ ತಿಳಿಯಿತು. ಬಾಡಿಗೆ ಮನೆಯಲ್ಲಿ ಇರಲೇಬಾರದು ಅಂತ ನಾನು ಹೇಳುತ್ತಿಲ್ಲ. ಬಿಡು ಅಂದ ದಿನ ಸಾಮಾನು ಎತ್ತಿಕೊಂಡು ಹೊರಡೋ ಹಾಗಿರಬೇಕು. ಕೆಳಗಿನ ಎಲ್ಲಾ ಉತ್ತರಗಳೂ ಈ ಒಂದು ಲೆಕ್ಕದ ಮೇಲೇ ನಿಂತಿವೆ.

ಓಪನ್ ಸೋರ್ಸ್ ಅಂದರೆ ಪುಕ್ಕಟೆ ಅಂತಾನಾ?

ಬಹಳ ಸಲ ಪುಕ್ಕಟೆ ಸಿಗುತ್ತೆ, ಆದರೆ ವಿಷಯ ಅದಲ್ಲ. ಬೋರ್‌ವೆಲ್ ಮೋಟಾರ್ ನೆನೆಸಿಕೊಳ್ಳಿ. ಸುಟ್ಟುಹೋದರೆ ಯಾವ ಊರಿನ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ, ವೈಂಡಿಂಗ್ ಕಟ್ಟಿ ಕೊಡುತ್ತಾನೆ. ಮಾಡಿದ ಕಂಪನಿ ಬಾಗಿಲು ಹಾಕಿದ್ದರೂ ತೋಟಕ್ಕೆ ನೀರು ನಿಲ್ಲುವುದಿಲ್ಲ. ಓಪನ್ ಸೋರ್ಸ್ ಸಾಫ್ಟ್‌ವೇರ್ ಹಾಗೆ. ಅದನ್ನು ಬರೆದ ಕೋಡ್ ಎಲ್ಲರ ಕಣ್ಣ ಮುಂದಿರುತ್ತೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಕನ್ನಡದಲ್ಲಿ ಮುಕ್ತ ತಂತ್ರಾಂಶ ಅಂತಾರೆ. ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನು ಅನ್ನೋ ಮುಕ್ತ ತಂತ್ರಾಂಶ ಯೋಜನೆ ಶುರು ಮಾಡುತ್ತೇನೆ ಅಂದಾಗಲೂ ಅವರ ತಕರಾರು ದುಡ್ಡಿನ ಬಗ್ಗೆ ಇರಲಿಲ್ಲ, ಬಿಚ್ಚಿ ನೋಡುವ ಹಕ್ಕಿನ ಬಗ್ಗೆ ಇತ್ತು.

ಇದರಿಂದ ಏನು ಲಾಭ ಅನ್ನೋದಕ್ಕೆ ಒಂದು ಉದಾಹರಣೆ. ವರ್ಡ್, ಎಕ್ಸೆಲ್ ಮಾಡುವ ಕೆಲಸಕ್ಕೆ ಓಪನ್ ಆಫೀಸ್ ಅಂತ ಒಂದಿತ್ತು, ಸನ್ ಕಂಪನಿಯ ಕೈಯಲ್ಲಿ. 2010ರಲ್ಲಿ ಸನ್ ಕಂಪನಿಯನ್ನು ಒರೇಕಲ್ ಕೊಂಡುಕೊಂಡಿತು. ಹೊಸ ಯಜಮಾನರ ಮೇಲೆ ನಂಬಿಕೆ ಸಾಲದೆ, ಕೋಡ್ ಬರೆಯುತ್ತಿದ್ದವರಲ್ಲಿ ಬಹಳ ಜನ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೊರಗೆ ಬಂದರು. ಬರುವಾಗ ಕೋಡನ್ನೂ ತಂದರು. ಅದೇ ಇವತ್ತಿನ ಲಿಬ್ರೆ ಆಫೀಸ್. ಬಳಸುವವರ ಒಂದು ಫೈಲೂ ಹಾಳಾಗಲಿಲ್ಲ. ಅಣ್ಣತಮ್ಮಂದಿರು ಪಾಲಾದ ಹಾಗೆ, ಆದರೆ ಇಲ್ಲಿ ಇಬ್ಬರಿಗೂ ಪೂರ್ತಿ ಜಮೀನು!

ಹಾಗಾದರೆ ಸ್ವದೇಶಿ ಆ್ಯಪ್ ಬಳಸಿದರೆ ಸಾಲದಾ?

ಈಚೆಗೆ ಈ ಪ್ರಶ್ನೆ ಜಾಸ್ತಿಯಾಗಿದೆ. ಅದಕ್ಕೆ ಕಾರಣವೂ ಇದೆ. 2025ರ ಜುಲೈನಲ್ಲಿ ಗುಜರಾತಿನ ವಾಡಿನಾರ್‌ನಲ್ಲಿ ರಿಫೈನರಿ ನಡೆಸುವ ನಯಾರಾ ಎನರ್ಜಿಗೆ ಮೈಕ್ರೋಸಾಫ್ಟ್ ಇಮೇಲ್ ಮುಂತಾದ ಸೇವೆ ನಿಲ್ಲಿಸಿಬಿಟ್ಟಿತು. ಯುರೋಪಿನ ಒಕ್ಕೂಟ ಆ ಕಂಪನಿಯ ಮೇಲೆ ನಿರ್ಬಂಧ ಹಾಕಿತ್ತು, ಅದರ ಬಿಸಿ ಇಲ್ಲಿಗೆ ತಟ್ಟಿತು. ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ ಸೇವೆ ವಾಪಸ್ ಬಂತು. ಅಷ್ಟು ದೊಡ್ಡ ಕಂಪನಿಗೇ ಹೀಗಾದರೆ ಉಳಿದವರಿಗೆ ಭಯ ಆಗೋದು ಸಹಜ.

ಆದರೆ ಕಂಪನಿ ನಮ್ಮ ದೇಶದ್ದು ಅನ್ನೋದು ಬೇರೆ, ಬಾಗಿಲಿನ ಕೀಲಿ ನಮ್ಮ ಕೈಯಲ್ಲಿದೆ ಅನ್ನೋದು ಬೇರೆ. ಟ್ವಿಟರ್ ಥರದ್ದು, ಬೆಂಗಳೂರಿನ ಕೂ ಆ್ಯಪ್ ನೆನಪಿದೆಯಾ? 2020ರಲ್ಲಿ ಬಂದಾಗ ಮೊದಲು ಮಾತಾಡಿದ್ದೇ ಕನ್ನಡ. ಎಷ್ಟೋ ಜನ ಅಲ್ಲಿ ಖುಷಿಯಿಂದ ಬರೆದರು. 2024ರ ಜುಲೈನಲ್ಲಿ ಮುಚ್ಚಿತು. ಅಂಗಡಿ ಮುಚ್ಚೋದು ಯಾರಿಗೂ ತಪ್ಪಿದ್ದಲ್ಲ, ಅವರನ್ನು ದೂರುವುದಿಲ್ಲ. ಆದರೆ ಬೇರೆ ಯಾರೋ ಅದನ್ನು ಎತ್ತಿಕೊಂಡು ಮುಂದೆ ನಡೆಸುವ ದಾರಿ ಇರಲಿಲ್ಲ. ಅದೇ ಕನ್ನಡ ವಿಕಿಪೀಡಿಯ ನೋಡಿ, 2003ರಿಂದ ಇದೆ. ನಾಳೆ ಆ ತಾಣ ನಿಂತರೂ ಇಡೀ ವಿಕಿಪೀಡಿಯವನ್ನು ಡೌನ್‌ಲೋಡ್ ಮಾಡಿಕೊಂಡು ಯಾರು ಬೇಕಾದರೂ ಬೇರೆ ಕಡೆ ನಡೆಸಬಹುದು. ಅದರ ಪರವಾನಗಿಯಲ್ಲೇ ಆ ಮಾತಿದೆ.

ಜೋಹೋ ಕಂಪನಿಯವರ ಅರಟ್ಟೈ ಬಗ್ಗೆಯೂ ಕೇಳುತ್ತಾರೆ, ವಾಟ್ಸಾಪ್ ಥರದ ಆ್ಯಪ್ ಅದು. ನಮ್ಮ ಪಕ್ಕದ ರಾಜ್ಯದವರು ಒಳ್ಳೆ ಕೆಲಸ ಮಾಡಿದ್ದಾರೆ ಅಂತ ಹೆಮ್ಮೆ ಇದೆ. ಆದರೆ ಅದರ ಕೋಡ್ ಮುಚ್ಚಿದ ಪೆಟ್ಟಿಗೆಯೇ. ಬಾಡಿಗೆ ಮನೆ ಬದಲಾಯಿತು, ಮಾಲೀಕರು ನಮ್ಮೂರ ಹತ್ತಿರದವರು, ಅಷ್ಟೇ.

ಎಲ್ಲಿಂದ ಶುರು ಮಾಡಲಿ?

ಒಂದೇ ಭಾನುವಾರ ಎಲ್ಲಾ ಬದಲಾಯಿಸಲು ಹೋಗಬೇಡಿ. ಸೋಮವಾರ ಬೆಳಗ್ಗೆ ಎಲ್ಲಾ ವಾಪಸ್ ಹಾಕಿಕೊಂಡವರನ್ನು ನೋಡಿದ್ದೇನೆ. ಮೊದಲು ಬ್ರೌಸರ್. ಫೈರ್‌ಫಾಕ್ಸ್ ಹಾಕಿ, ಅದಕ್ಕೆ ಯುಬ್ಲಾಕ್ ಆರಿಜಿನ್ ಸೇರಿಸಿ. ಜಾಹೀರಾತು ಮಾಯವಾಗಿ ಪುಟ ಬೇಗ ತೆರೆಯೋದು ಕಂಡ ತಕ್ಷಣ ಮನೆಯವರು ತಾವಾಗೇ ಕೇಳುತ್ತಾರೆ. ಕ್ರೋಮ್‌ನಲ್ಲಿ ಯುಬ್ಲಾಕ್ ಆರಿಜಿನ್ ಮೊದಲು ನಡೆಯುತ್ತಿತ್ತು, ಗೂಗಲ್ ನಿಯಮ ಬದಲಾಯಿಸಿದ ಮೇಲೆ ನಿಂತುಹೋಯಿತು. ಜಾಹೀರಾತು ಮಾರುವವರೇ ಬ್ರೌಸರ್ ಮಾಡಿದರೆ ಇನ್ನೇನಾಗುತ್ತೆ ಹೇಳಿ.

ಆಮೇಲೆ ವಿಡಿಯೊ ನೋಡಲು ವಿಎಲ್‌ಸಿ. ಇದನ್ನು ನೀವು ಈಗಾಗಲೇ ಬಳಸುತ್ತಿರಬಹುದು, ಓಪನ್ ಸೋರ್ಸ್ ಅಂತ ಗೊತ್ತಿಲ್ಲದೇ. ಪ್ಯಾರಿಸ್ಸಿನ ಕಾಲೇಜು ಹುಡುಗರು 1996ರಲ್ಲಿ ಶುರು ಮಾಡಿದ್ದು. ಪಾಸ್‌ವರ್ಡ್ ಇಡಲು ಬಿಟ್‌ವಾರ್ಡನ್ ಇಲ್ಲವೇ ಕೀಪಾಸ್ ಎಕ್ಸ್‌ಸಿ. ಎರಡನೆಯದು ನಿಮ್ಮ ಕಂಪ್ಯೂಟರಿನಲ್ಲೇ ಒಂದು ಬೀಗ ಹಾಕಿದ ಫೈಲಿನಲ್ಲಿ ಎಲ್ಲಾ ಇಡುತ್ತೆ, ಇಂಟರ್‌ನೆಟ್ಟಿನ ಗೊಡವೆಯೇ ಇಲ್ಲ. ನೋಟ್‌ಬುಕ್ಕಲ್ಲಿ ಬರೆದು ಬೀರುವಿನಲ್ಲಿ ಇಡುವವರನ್ನು ನೋಡಿ ನಾನು ನಗುವುದಿಲ್ಲ. ಎಲ್ಲಾ ಕಡೆ ಮಗಳ ಹುಟ್ಟಿದ ದಿನವನ್ನೇ ಪಾಸ್‌ವರ್ಡ್ ಮಾಡೋದಕ್ಕಿಂತ ಅದು ವಾಸಿ.

ವರ್ಡ್, ಎಕ್ಸೆಲ್ ಇಲ್ಲದೆ ಕೆಲಸ ನಡೆಯುತ್ತಾ?

ನನ್ನದು ನಡೆಯುತ್ತಿದೆ. ಲಿಬ್ರೆ ಆಫೀಸ್‌ನಲ್ಲಿ ವರ್ಡ್ ಫೈಲ್ ತೆರೆಯುತ್ತೆ, ಉಳಿಸಲೂ ಬರುತ್ತೆ. ಟೇಬಲ್ಲು, ಚಿತ್ರ ಜಾಸ್ತಿ ಇರುವ ಫೈಲು ಸ್ವಲ್ಪ ಆಚೀಚೆ ಸರಿಯುತ್ತೆ, ಅದನ್ನು ಮುಚ್ಚಿಡುವುದಿಲ್ಲ. ನನ್ನ ಪದ್ಧತಿ ಇಷ್ಟು: ಓದೋದಕ್ಕೆ ಕಳಿಸುವುದಾದರೆ ಪಿಡಿಎಫ್, ನನ್ನ ಹತ್ತಿರ ಉಳಿಯುವುದೆಲ್ಲ ಓಡಿಎಫ್. ಓಡಿಎಫ್ ಅನ್ನೋದು ಯಾರು ಬೇಕಾದರೂ ಬಳಸಬಹುದಾದ ಫೈಲ್ ನಮೂನೆ, 2006ರಿಂದ ಅಂತರರಾಷ್ಟ್ರೀಯ ಮಾನದಂಡ. ಇನ್ನು ಇಪ್ಪತ್ತು ವರ್ಷ ಬಿಟ್ಟು ತೆರೆದರೂ ಓದಲು ಯಾವುದಾದರೂ ಸಾಫ್ಟ್‌ವೇರ್ ಇರುತ್ತೆ ಅನ್ನೋ ಧೈರ್ಯ. ಎಕ್ಸೆಲ್‌ನಲ್ಲಿ ಮ್ಯಾಕ್ರೋ ಬರೆದು ಇಡೀ ಆಫೀಸು ನಡೆಸುವವರು ಮಾತ್ರ ಅವಸರ ಮಾಡಬೇಡಿ.

ನನ್ನ ಹತ್ತಿರ ಹಳೇ ನುಡಿ ಫೈಲುಗಳಿವೆ. ಅವುಗಳ ಗತಿ ಏನು?

ನುಡಿ ಅಂದರೆ ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್. ಈ ಪ್ರಶ್ನೆಗೆ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ಕನ್ನಡದವರ ನಿಜವಾದ ಬೀಗ ಇಲ್ಲೇ ಬಿದ್ದಿರೋದು. ಅದನ್ನು ಹಾಕಿದ್ದು ಅಮೆರಿಕದ ಕಂಪನಿ ಅಲ್ಲ, ಆ ಕಾಲದ ತಾಂತ್ರಿಕ ಇಕ್ಕಟ್ಟು.

ಹಿಂದೆ ಕಂಪ್ಯೂಟರಿಗೆ ಗೊತ್ತಿದ್ದದ್ದು ಇಂಗ್ಲಿಷ್ ಅಕ್ಷರ ಮಾತ್ರ. ಆ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿ ಫಾಂಟ್ ಮಾಡುತ್ತಿದ್ದರು. ಪರದೆ ಮೇಲೆ ಕನ್ನಡ ಕಾಣುತ್ತೆ, ಒಳಗಿರೋದು ಇಂಗ್ಲಿಷ್ ಗೀಚು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಗೀಚೇ ಕಾಣುತ್ತೆ. ಯೂನಿಕೋಡ್ ಬಂದ ಮೇಲೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಜಾಗ ಸಿಕ್ಕಿತು. ನುಡಿಯೂ ಆಮೇಲೆ ಯೂನಿಕೋಡ್ ಸೇರಿಸಿತು. ಆದರೆ ಹಳೇ ಫೈಲುಗಳು ಹಾಗೇ ಉಳಿದವು, ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಹಳೇ ಅಭ್ಯಾಸವೂ ಹಾಗೇ ಉಳಿಯಿತು.

ಒಬ್ಬರು ನಿವೃತ್ತ ಮೇಷ್ಟ್ರು ತಮ್ಮ ಊರಿನ ಚರಿತ್ರೆಯನ್ನು ಒಂದು ಸಿಡಿಯಲ್ಲಿ ತಂದಿದ್ದರು. 180 ಪುಟ. ಟೈಪ್ ಮಾಡಿಕೊಟ್ಟವರು ತೀರಿಕೊಂಡಿದ್ದರು. ತೆರೆದರೆ ಒಂದು ಸಾಲೂ ಓದಲಾಗದು. ಮೇಷ್ಟ್ರ ಮುಖ ಸಣ್ಣದಾಯಿತು. ಇಂಥ ಫೈಲನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಹುಡುಗರೇ ಮಾಡಿ ಓಪನ್ ಸೋರ್ಸ್ ಆಗಿ ಬಿಟ್ಟಿದ್ದಾರೆ. ಅದರಲ್ಲಿ ಹಾಕಿದೆ, ಕ್ಷಣದಲ್ಲಿ ಕನ್ನಡ ಬಂತು. ಸುಮ್ನೆ ಅಲ್ಲ ಆ ಕೆಲಸ. 'ಧರ್ಮ' ಅನ್ನೋದನ್ನು ಹಳೇ ಫಾಂಟು ಕಣ್ಣಿಗೆ ಕಂಡ ಹಾಗೆ ಇಡುತ್ತೆ: ಮೊದಲು ಧ, ಆಮೇಲೆ ಮ, ಕೊನೆಗೆ ಅರ್ಕಾವತ್ತು. ಯೂನಿಕೋಡ್ ಬಾಯಲ್ಲಿ ಹೇಳಿದ ಹಾಗೆ ಇಡುತ್ತೆ: ಧ, ರ್, ಮ. ಪರಿವರ್ತಕ ಪ್ರತಿ ಅರ್ಕಾವತ್ತನ್ನೂ ಎತ್ತಿ ಹಿಂದಕ್ಕೆ ಕೂರಿಸಬೇಕು.

ಒಂದು ಎಡವಟ್ಟು ಮಾತ್ರ ಇದ್ದೇ ಇರುತ್ತೆ. ಕನ್ನಡದ ನಡುವೆ ಇಂಗ್ಲಿಷ್ ಪದ ಇದ್ದರೆ ಪರಿವರ್ತಕಕ್ಕೆ ವ್ಯತ್ಯಾಸ ತಿಳಿಯದೆ ಅದನ್ನೂ ಕನ್ನಡ ಮಾಡಿಬಿಡುತ್ತೆ. ಮೇಷ್ಟ್ರ ಪುಸ್ತಕದಲ್ಲಿ ಊರಿನ ಮೊದಲ ಪದವೀಧರರ ಪಟ್ಟಿ ಇತ್ತು. ಹೆಸರುಗಳ ಮುಂದಿದ್ದ ಡಿಗ್ರಿಗಳೆಲ್ಲ ಯಾವುದೋ ಮಂತ್ರದ ಹಾಗೆ ಬಂದಿದ್ದವು. ಇಬ್ಬರೂ ಕೂತು ಒಂದೊಂದಾಗಿ ತಿದ್ದಿದೆವು. ಮೇಷ್ಟ್ರಿಗೆ ಯಾರು ಬಿ.ಎ., ಯಾರು ಬಿ.ಎಸ್ಸಿ. ಅಂತ ಬಾಯಿಪಾಠ ಇತ್ತು, ಬಚಾವಾದೆವು.

ನಿಮ್ಮ ಹತ್ತಿರ ಇಂಥ ಫೈಲು ಇದ್ದರೆ ಇವತ್ತೇ ತಿರುಗಿಸಿ, ಹಳೆಯದನ್ನೂ ಇಟ್ಟುಕೊಳ್ಳಿ. ಇಡೀ ಪಟ್ಟಿಯಲ್ಲಿ ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ.

ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡಲು ಬರುತ್ತಾ?

ಬರುತ್ತೆ. ಐಬಸ್ ಅನ್ನೋ ಸವಲತ್ತಿನ ಜೊತೆ ಎಂ17ಎನ್ ಸೇರಿಸಿದರೆ ಕೆಜಿಪಿ ಕೀಬೋರ್ಡ್ ವಿನ್ಯಾಸ ಸಿಗುತ್ತೆ. ಕೆಜಿಪಿ ಅಂದರೆ ಕನ್ನಡ ಗಣಕ ಪರಿಷತ್ತು. ನುಡಿಯಲ್ಲಿ ಬೆರಳು ಪಳಗಿದವರು ಏನನ್ನೂ ಹೊಸದಾಗಿ ಕಲಿಯಬೇಕಿಲ್ಲ, ಕನ್ನಡದ ಕೀಬೋರ್ಡ್ ರೂಪಿಸಿದ ಕೆ.ಪಿ. ರಾವ್ ಅವರ ವಿನ್ಯಾಸವೇ ಇದರ ಮೂಲ. ಫಾಂಟಿಗೆ ಲೋಹಿತ್, ನೋಟೋ, ಗುಬ್ಬಿ ಇವೆ. ಕೈಬರಹದ ಥರ ಬೇಕಾದರೆ ನವಿಲು ಇದೆ, ನಾಮಕರಣದ ಕಾರ್ಡಿಗೆ ಚೆನ್ನಾಗಿ ಒಪ್ಪುತ್ತೆ. 'ರ‍್ಯಾಲಿ' ಬರೆಯುವಾಗ ಅದು ಅರ್ಕಾವತ್ತಿಗೆ ಓಡಿಹೋದರೆ ಗಾಬರಿ ಬೇಡ, ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಹಾಕಬೇಕು.

ಪುಟ ವಿನ್ಯಾಸಕ್ಕೆ ಸ್ಕ್ರೈಬಸ್ ಬಳಸುತ್ತೇನೆ. ಹಳೇ ಆವೃತ್ತಿಗಳಲ್ಲಿ ಒತ್ತಕ್ಷರ ಒಡೆಯುತ್ತಿತ್ತು, 1.6 ಆವೃತ್ತಿಯಲ್ಲಿ ಸರಿಯಾಗಿ ಕೂರುತ್ತೆ. ಫೋಟೋಶಾಪ್ ಜಾಗಕ್ಕೆ ಗಿಂಪ್, ಕೋರೆಲ್ ಜಾಗಕ್ಕೆ ಇಂಕ್‌ಸ್ಕೇಪ್. ಮೊದಲ ತಿಂಗಳು ಕೈ ಹಳೇ ಕಡೆಗೇ ಎಳೆಯುತ್ತೆ, ಬಾಯಲ್ಲಿ ಬೈಗುಳ ಬರುತ್ತೆ. ಬರಲಿ ಬಿಡಿ.

ಹಳೇ ಲ್ಯಾಪ್‌ಟಾಪ್ ಇದೆ, ವಿಂಡೋಸ್ 11 ಹಾಕಲು ಆಗಲ್ಲ ಅಂತಿದ್ದಾರೆ. ಎಸೆಯಲಾ?

ಎಸೆಯಬೇಡಿ. ವಿಂಡೋಸ್ 10ರ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಸವಲತ್ತು ಬೇಕು, ಹೊಸ ಪ್ರೊಸೆಸರ್ ಬೇಕು. ಹಾಗಾಗಿ ಚೆನ್ನಾಗಿ ಓಡುವ ಎಷ್ಟೋ ಯಂತ್ರ ಗುಜರಿ ದಾರಿ ಹಿಡಿದಿವೆ. ಇಂಥದಕ್ಕೆ ಲಿನಕ್ಸ್ ಮಿಂಟ್ ಹೇಳಿ ಮಾಡಿಸಿದ್ದು. ನೋಡಲು ಹೆಚ್ಚುಕಮ್ಮಿ ವಿಂಡೋಸ್ ಥರವೇ ಇರುತ್ತೆ, ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು. 4 ಜಿಬಿ ರ‍್ಯಾಮ್ ಇದ್ದರೆ ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ ಮುದಿ ಎತ್ತಿಗೆ ಪ್ರಾಯ ಬಂದ ಹಾಗೆ.

ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ. ಕಂಪ್ಯೂಟರಿನಲ್ಲಿ ಇರೋದೇನೂ ಅಳಿಯಲ್ಲ. ವೈಫೈ ಹಿಡಿಯುತ್ತಾ, ಸದ್ದು ಬರುತ್ತಾ, ಪ್ರಿಂಟರ್ ಮಾತಾಡುತ್ತಾ ಅಂತ ನೋಡಿಕೊಳ್ಳಿ. ಪ್ರಿಂಟರ್ ಅಂತ ಒತ್ತಿ ಹೇಳೋದಕ್ಕೆ ಕಾರಣ ಇದೆ. ನನ್ನ ಅಂಗಡಿಯ ಹಳೇ ಲೇಸರ್ ಪ್ರಿಂಟರ್ ಲಿನಕ್ಸ್ ಕಂಡರೆ ಮುಖ ತಿರುಗಿಸುತ್ತಿತ್ತು. ಎರಡು ದಿನ ಒದ್ದಾಡಿ, ಕೊನೆಗೆ ಅದನ್ನು ಮಾರಿ ಬೇರೆ ತಂದೆ. ಹೊಸ ಪ್ರಿಂಟರ್ ತೆಗೆದುಕೊಳ್ಳುವುದಾದರೆ ಲಿನಕ್ಸ್‌ಗೆ ಆಗುತ್ತಾ ಅಂತ ಮೊದಲೇ ನೋಡಿ.

ಮುನ್ನೂರು ರೂಪಾಯಿಗೆ ಹುಡುಗರು ವಿಂಡೋಸ್ ಹಾಕಿಕೊಡ್ತಾರಲ್ಲ?

ಹಾಕಿಕೊಡುತ್ತಾರೆ. ಜೊತೆಗೆ ಬೀಗ ಒಡೆಯುವ ಸಾಫ್ಟ್‌ವೇರನ್ನೂ ಹಾಕುತ್ತಾರೆ, ಅದನ್ನು ಹಾಕಲು ಆ್ಯಂಟಿವೈರಸ್ ಆಫ್ ಮಾಡುತ್ತಾರೆ. ಅದೇ ಕಂಪ್ಯೂಟರಿನಲ್ಲಿ ನೀವು ನೆಟ್ ಬ್ಯಾಂಕಿಂಗ್ ಮಾಡುತ್ತೀರಿ. ಇನ್ನು ಹೇಳಬೇಕಾ?

ವಾಟ್ಸಾಪ್ ಬಿಡಬಹುದಾ?

ನಾನು ಬಿಟ್ಟಿಲ್ಲ. ಕಾರ್ಡಿನ ವಿವರ ಬರೋದೇ ಅದರಲ್ಲಿ. ಮನೆಯವರು, ಮೂರು ಜನ ಗೆಳತಿಯರು ಸಿಗ್ನಲ್ ಅನ್ನೋ ಓಪನ್ ಸೋರ್ಸ್ ಮೆಸೇಜ್ ಆ್ಯಪ್‌ನಲ್ಲಿ ಇದ್ದೇವೆ. ವಾಟ್ಸಾಪ್ ಸಂದೇಶಕ್ಕೆ ಹಾಕುವ ಬೀಗದ ವಿಧಾನ ಸಿಗ್ನಲ್‌ನವರದ್ದೇ, ಹಾಗಾಗಿ ಸಂದೇಶದ ಒಳಗೆ ಏನಿದೆ ಅನ್ನೋದು ಎರಡರಲ್ಲೂ ಭದ್ರ. ಯಾರು ಯಾರಿಗೆ ಯಾವಾಗ ಕಳಿಸಿದರು ಅನ್ನೋ ಮೇಲ್ಲೆಕ್ಕದಲ್ಲಿ ವ್ಯತ್ಯಾಸ ಇದೆ, ಸಿಗ್ನಲ್ ಅದನ್ನು ಇಟ್ಟುಕೊಳ್ಳುವುದು ತೀರಾ ಕಡಿಮೆ. ವಾಟ್ಸಾಪ್ ಮೆಟಾ ಕಂಪನಿಯದ್ದು. 2021ರಲ್ಲಿ ಅದು ತಂದ ಗೋಪ್ಯತಾ ನಿಯಮದ ವಿಷಯಕ್ಕೆ ನಮ್ಮ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾ ಮೇಲೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಇದನ್ನೆಲ್ಲ ಅತ್ತೆಗೆ ಹೇಳಿದೆ. "ಸರಿ ಕಣಮ್ಮ, ಅದರಲ್ಲಿ ಗುಡ್ ಮಾರ್ನಿಂಗ್ ಫೋಟೋ ಬರ್ತದಾ?" ಅಂದರು.

ಫೋಟೋಗಳನ್ನು ಎಲ್ಲಿಡೋದು?

ಗೂಗಲ್ ಫೋಟೋಸ್ ಮೊದಲು ಎಷ್ಟು ಬೇಕಾದರೂ ಇಡಿ ಅಂದಿತ್ತು. 2021ರ ಜೂನ್ 1ರಿಂದ ಆ ಮಾತು ಮುಗಿಯಿತು, ಈಗ ಇಮೇಲ್ ಎಲ್ಲಾ ಸೇರಿ 15 ಜಿಬಿ. ತುಂಬಿದ ಮೇಲೆ ತಿಂಗಳು ತಿಂಗಳು ಬಾಡಿಗೆ.

ಹೊರಗೆ ತರುವ ದಾರಿಗೆ ಗೂಗಲ್ ಟೇಕ್‌ಔಟ್ ಅಂತ ಹೆಸರು. ಫೋಟೋಗಳು ಜಿಪ್ ತುಂಡುಗಳಾಗಿ ಬರುತ್ತವೆ. ಒಂದು ಕಿರಿಕಿರಿ ಇದೆ: ದಿನಾಂಕ, ಜಾಗದ ವಿವರ ಎಷ್ಟೋ ಸಲ ಪಕ್ಕದಲ್ಲಿ ಬೇರೆ ಫೈಲಾಗಿ ಬರುತ್ತೆ. ಸೀದಾ ಸುರಿದುಕೊಂಡರೆ ಎಷ್ಟೋ ವರ್ಷದ ಫೋಟೋಗಳೆಲ್ಲ ಇವತ್ತೇ ತೆಗೆದ ಹಾಗೆ ಕಾಣುತ್ತವೆ. ನನ್ನ ಸೀಮಂತ, ಮಗನ ಎಸ್ಸೆಸ್ಸೆಲ್ಸಿ ಫಲಿತಾಂಶ ಎರಡೂ ಒಂದೇ ದಿನ! ಎರಡನ್ನೂ ಸೇರಿಸುವ ಉಪಕರಣಗಳಿವೆ, ಅದನ್ನು ಓಡಿಸಿದ ಮೇಲೆ ಸರಿಹೋಯಿತು.

ಈಗ ಏನು ಮಾಡುತ್ತೇನೆ ಅಂದರೆ, ಫೋನಿನ ಫೋಟೋಗಳು ಸಿಂಕ್‌ಥಿಂಗ್ ಮೂಲಕ ಮನೆಯ ವೈಫೈನಲ್ಲೇ ಕಂಪ್ಯೂಟರಿಗೆ ಬರುತ್ತವೆ. ನಡುವೆ ಯಾವ ಕಂಪನಿಯ ಗೋದಾಮೂ ಇಲ್ಲ. ಅಲ್ಲಿಂದ ಎರಡು ಹಾರ್ಡ್ ಡಿಸ್ಕಿಗೆ ನಕಲು, ಒಂದು ಇಲ್ಲಿ, ಒಂದು ಅರಸೀಕೆರೆಯ ಅಕ್ಕನ ಮನೆಯಲ್ಲಿ. ಹಬ್ಬಕ್ಕೆ ಹೋದಾಗ ಬದಲಾಯಿಸಿಕೊಂಡು ಬರುತ್ತೇನೆ. ಮುಖ ಗುರುತಿಸಿ ಜೋಡಿಸುವ ಸವಲತ್ತು ಬೇಕೆಂದರೆ ಇಮ್ಮಿಚ್ ಇದೆ, ಆದರೆ ಮನೆಯಲ್ಲಿ ಒಂದು ಕಂಪ್ಯೂಟರ್ ಸದಾ ಓಡುತ್ತಿರಬೇಕು. ಅದನ್ನು ನೋಡಿಕೊಳ್ಳುವ ಆಸಕ್ತಿ ಮನೆಯಲ್ಲಿ ಒಬ್ಬರಿಗಾದರೂ ಇರಬೇಕು.

ಜಿಮೇಲ್ ಬದಲು ಏನು?

ಪ್ರೋಟಾನ್, ಟೂಟಾ ಮುಂತಾದವು ಇವೆ, ಅವುಗಳ ಆ್ಯಪ್‌ಗಳು ಓಪನ್ ಸೋರ್ಸ್. ಆದರೆ ನನ್ನ ಸಲಹೆ ಬೇರೆ: ವಿಳಾಸ ಮೊದಲು ನಿಮ್ಮದಾಗಲಿ. ಸ್ವಂತ ಡೊಮೇನ್ ಹೆಸರಿಗೆ, ಅಂದರೆ ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಭಾಗಕ್ಕೆ, ವರ್ಷಕ್ಕೆ ಸಾವಿರ ರೂಪಾಯಿ ಆಚೀಚೆ ಆಗುತ್ತೆ. ಆ ವಿಳಾಸವನ್ನು ಯಾವ ಮೇಲ್ ಸೇವೆಗೆ ಬೇಕಾದರೂ ಕಟ್ಟಬಹುದು, ಬೇಡವಾದಾಗ ಬಿಚ್ಚಿ ಇನ್ನೊಂದಕ್ಕೆ ಕಟ್ಟಬಹುದು. ಇದು ಯಾಕೆ ಮುಖ್ಯ ಅಂದರೆ, ಒಳ್ಳೆ ಸೇವೆಗೂ ಗಂಡಾಂತರ ಬರುತ್ತೆ. 2025ರ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಪ್ರೋಟಾನ್ ಮೇಲ್ ತಡೆಯಲು ಕ್ರಮ ಕೈಗೊಳ್ಳಿ ಅಂತ ಕೇಂದ್ರ ಸರ್ಕಾರಕ್ಕೆ ನಿರ್ದೇಶನ ಕೊಟ್ಟಿತ್ತು. ಒಂದು ಸಂಸ್ಥೆಯ ಮಹಿಳಾ ಉದ್ಯೋಗಿಗಳ ಬಗ್ಗೆ ಆ ಸೇವೆಯಿಂದ ಯಾರೋ ಅಸಹ್ಯ ಮೇಲ್ ಕಳಿಸಿದ್ದ ಪ್ರಕರಣ ಅದು.

ಮೇಲ್‌ಗಳ ನಕಲು ಥಂಡರ್‌ಬರ್ಡ್ ಅನ್ನೋ ಮೇಲ್ ಸಾಫ್ಟ್‌ವೇರ್‌ನಲ್ಲಿ ಇಳಿಸಿಟ್ಟುಕೊಳ್ಳಿ. ಮನೆಯಲ್ಲೇ ಮೇಲ್ ಸರ್ವರ್ ನಡೆಸುವ ಸಾಹಸ ಮಾತ್ರ ಬೇಡ. ನೀವು ಕಳಿಸಿದ್ದೆಲ್ಲ ಸ್ಪ್ಯಾಮ್‌ಗೆ ಹೋಗಿ ಬೀಳುತ್ತೆ.

ಫೋನಿನಿಂದ ಗೂಗಲ್ ಪೂರ್ತಿ ತೆಗೆದರೆ ಯುಪಿಐ ನಡೆಯುತ್ತಾ?

ಖಾತ್ರಿ ಇಲ್ಲ. ಲಿನೇಜ್ ಓಎಸ್ ಥರದ, ಗೂಗಲ್ ಇಲ್ಲದ ಆಂಡ್ರಾಯ್ಡ್ ಹಾಕಿದ ಫೋನುಗಳಲ್ಲಿ ಎಷ್ಟೋ ಬ್ಯಾಂಕ್ ಆ್ಯಪ್‌ಗಳು ತೆರೆಯೋದೇ ಇಲ್ಲ. ಫೋನ್ ಮೂಲ ಸ್ಥಿತಿಯಲ್ಲಿದೆಯಾ ಅಂತ ಅವು ಗೂಗಲ್ ಅನ್ನೇ ಕೇಳುತ್ತವೆ. ಹಾಲಿನವನಿಗೂ ಸ್ಕ್ಯಾನ್ ಮಾಡಿ ದುಡ್ಡು ಕೊಡುವ ಕಾಲದಲ್ಲಿ ಇರುವ ಒಂದೇ ಫೋನಿನ ಮೇಲೆ ಈ ಪ್ರಯೋಗ ಬೇಡ. ಸಾಮಾನ್ಯ ಆಂಡ್ರಾಯ್ಡ್ ಫೋನಿನಲ್ಲೇ ಎಫ್-ಡ್ರಾಯ್ಡ್ ಹಾಕಿಕೊಳ್ಳಿ. ಅದು ಓಪನ್ ಸೋರ್ಸ್ ಆ್ಯಪ್‌ಗಳ ಸಂತೆ. ಪಾಡ್‌ಕಾಸ್ಟ್‌ಗೆ ಆಂಟೆನಾಪಾಡ್, ಒಟಿಪಿ ಕೋಡ್ ಇಡಲು ಏಜಿಸ್, ಕೀಬೋರ್ಡಿಗೆ ಹೆಲಿಬೋರ್ಡ್. ಹೆಲಿಬೋರ್ಡ್‌ನಲ್ಲಿ ಕನ್ನಡ ಇದೆ, ಅದು ಇಂಟರ್‌ನೆಟ್ ಅನುಮತಿಯನ್ನೇ ಕೇಳುವುದಿಲ್ಲ. ನೀವು ಒತ್ತುವ ಪ್ರತಿ ಅಕ್ಷರ ನೋಡುವ ಆ್ಯಪ್ ಹೀಗಿರಬೇಕು, ಅಲ್ವಾ? ಮಾತಾಡಿದ್ದನ್ನು ಕನ್ನಡದಲ್ಲಿ ಬರೆಸಲು ಮಾತ್ರ ನಾನು ಈಗಲೂ ಗೂಗಲ್ ಕೀಬೋರ್ಡಿಗೇ ಹೋಗುತ್ತೇನೆ.

ಮ್ಯಾಪ್?

ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಆರ್ಗ್ಯಾನಿಕ್ ಮ್ಯಾಪ್ಸ್ ಆ್ಯಪ್. ಇಂಟರ್‌ನೆಟ್ ಇಲ್ಲದೆ ನಡೆಯುತ್ತೆ, ಸಕಲೇಶಪುರದ ಕಡೆ ಸಿಗ್ನಲ್ ಹೋದಾಗ ಬಹಳ ಉಪಯೋಗ. ಟ್ರಾಫಿಕ್ ತೋರಿಸಲ್ಲ, ಸಣ್ಣ ಅಂಗಡಿಗಳು ಕಡಿಮೆ. ಆದರೆ ಇಲ್ಲದ್ದನ್ನು ನೀವೇ ಸೇರಿಸಬಹುದು. ನಮ್ಮ ಬೀದಿಯ ಅರಳಿಕಟ್ಟೆಯನ್ನು ಕನ್ನಡದಲ್ಲೇ ಹೆಸರು ಬರೆದು ಸೇರಿಸಿದ್ದು ನಾನೇ.

ಕೋಡ್ ಎಲ್ಲರಿಗೂ ಕಾಣುತ್ತೆ ಅಂದರೆ ಕಳ್ಳರಿಗೂ ಕಾಣುತ್ತಲ್ಲ?

ಕಾಣುತ್ತೆ. ಕಳ್ಳರು ಒಳಗೂ ಬಂದಿದ್ದಾರೆ. ಎಕ್ಸ್‌ಜೆಡ್ ಅನ್ನೋ ಫೈಲ್ ಕುಗ್ಗಿಸುವ ಉಪಕರಣ ಬಹಳಷ್ಟು ಲಿನಕ್ಸ್‌ಗಳಲ್ಲಿ ಇರುತ್ತೆ. ಅದಕ್ಕೆ ಒಬ್ಬ ಅನಾಮಿಕ ಒಂದೆರಡು ವರ್ಷ ನೆರವಾಗುವ ನಾಟಕ ಆಡಿ, ದಣಿದಿದ್ದ ಮೂಲ ಬರಹಗಾರರ ನಂಬಿಕೆ ಗಳಿಸಿ, ಕೊನೆಗೆ ಹಿಂಬಾಗಿಲು ಇಟ್ಟ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್‌ಗೆ ತನ್ನ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗ್ತಿದೆ ಅನ್ನಿಸಿತು. ಯಾಕೆ ಅಂತ ಕೆದಕುತ್ತಾ ಹೋದರು, ಹಿಂಬಾಗಿಲು ಸಿಕ್ಕಿತು. ಅವರು ಕೆಲಸ ಮಾಡುತ್ತಿದ್ದದ್ದು ಮೈಕ್ರೋಸಾಫ್ಟ್‌ನಲ್ಲಿ ಅನ್ನೋದು ಇನ್ನೊಂದು ತಮಾಷೆ.

ಇದರಿಂದ ನಾನು ತಿಳಿದಿದ್ದು ಎರಡು. ತೆರೆದ ಕೋಡ್ ಆದದ್ದಕ್ಕೇ ಹೊರಗಿನವರೊಬ್ಬರು ಕೆದಕಿ ನೋಡಲು ಆಯಿತು. ಒಬ್ಬನೇ ಮನುಷ್ಯ ಸಂಬಳ ಇಲ್ಲದೆ ಎಳೆಯುತ್ತಿದ್ದ ಗಾಡಿಯ ಮೇಲೆ ಲೋಕವೆಲ್ಲ ಕೂತಿತ್ತು ಅನ್ನೋದೂ ನಿಜ.

ಹಾಗಾದರೆ ಇವರ ಹೊಟ್ಟೆಪಾಡು?

ಒಂದೊಂದರದು ಒಂದೊಂದು ದಾರಿ. ಫೈರ್‌ಫಾಕ್ಸ್‌ನ ಮೊಜಿಲ್ಲಾಗೆ ಹೆಚ್ಚಿನ ಆದಾಯ ಗೂಗಲ್‌ನಿಂದಲೇ, ಹುಡುಕುವ ಜಾಗದಲ್ಲಿ ಗೂಗಲ್ ಇಟ್ಟಿದ್ದಕ್ಕೆ. ಯಾರ ಹಂಗು ಬೇಡ ಅಂತ ಹೊರಟೆವೋ ಅವರದೇ ದುಡ್ಡು, ಏನು ಮಾಡೋದು. ಷೇರು ವಹಿವಾಟು ನಡೆಸುವ ಬೆಂಗಳೂರಿನ ಜೆರೋಧಾ ಕಂಪನಿ 2024ರಲ್ಲಿ ಓಪನ್ ಸೋರ್ಸ್ ಯೋಜನೆಗಳ ನೆರವಿಗೆ ವರ್ಷಕ್ಕೆ 10 ಲಕ್ಷ ಡಾಲರ್‌ನ ಫ್ಲಾಸ್ ಫಂಡ್ ಘೋಷಿಸಿತು. ನಾನು ಪ್ರತಿ ಯುಗಾದಿಗೆ ಒಂದು ಯೋಜನೆಗೆ ಐನೂರು ಕಳಿಸುತ್ತೇನೆ. ದುಡ್ಡೇ ಆಗಬೇಕಿಲ್ಲ. ಫೈರ್‌ಫಾಕ್ಸ್‌ನ ಕನ್ನಡ ಅನುವಾದ ಪಾಂಟೂನ್ ಅನ್ನೋ ತಾಣದಲ್ಲಿ ನಡೆಯುತ್ತೆ, ದಿನಕ್ಕೆ ಐದು ಸಾಲು ಮಾಡಿದರೂ ಆಯಿತು.

ಮಕ್ಕಳಿಗೆ ಮುಂದೆ ಕೆಲಸಕ್ಕೆ ತೊಂದರೆ ಆಗಲ್ವಾ?

ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಲಿನಕ್ಸ್‌ನಲ್ಲೇ ಕಲಿಸುತ್ತಿದ್ದಾರೆ. ಅಲ್ಲಿನ ಮಕ್ಕಳಿಗೆ ಕೆಲಸ ಸಿಗೋದು ನಿಂತಿಲ್ಲ.

ನೀವು ಇನ್ನೂ ಏನೇನು ಬಿಟ್ಟಿಲ್ಲ?

ವಾಟ್ಸಾಪ್, ಯೂಟ್ಯೂಬ್, ಯುಪಿಐ. ಅಂಗಡಿಯ ಒಂದು ಕಂಪ್ಯೂಟರಿನಲ್ಲಿ ಸಣ್ಣ ಜಾಗ ಕೊಟ್ಟು ವಿಂಡೋಸ್ ಇಟ್ಟಿದ್ದೇನೆ, ದುಡ್ಡು ಕೊಟ್ಟು ಕೊಂಡದ್ದು. ಟೆಂಡರ್ ಹಾಕುವ ಗುತ್ತಿಗೆದಾರರು ಡಿಜಿಟಲ್ ಸಹಿಯ ಡಾಂಗಲ್ ಹಿಡಿದು ಬಂದಾಗ ಅದೇ ಗತಿ. ನಾಚಿಕೆ ಏನಿಲ್ಲ. ಅಲ್ಲಿ ನನ್ನ ತೆಂಗಿನ ಸಸಿ ಒಂದೂ ಇಲ್ಲ.

ಸಿಕ್ಕಿಹಾಕಿಕೊಂಡರೆ ಯಾರನ್ನು ಕೇಳಲಿ?

ಬೆಂಗಳೂರಿನಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದವರು ಇದ್ದಾರೆ. ಫಾಸ್ ಯುನೈಟೆಡ್‌ನವರು ಇಂಡಿಯಾಫಾಸ್ ಅಂತ ಸಮ್ಮೇಳನ ಮಾಡುತ್ತಾರೆ. ಹುಡುಗರು ತಾಳ್ಮೆಯಿಂದ ಹೇಳಿಕೊಡುತ್ತಾರೆ.

ನಿಮ್ಮ ಅಂಗಡಿಗೆ ತಂದರೆ ಲಿನಕ್ಸ್ ಹಾಕಿಕೊಡ್ತೀರಾ?

ಹಾಕಿಕೊಡುತ್ತೇನೆ. ಮದುವೆ ಸೀಸನ್‌ನಲ್ಲಿ ಬರಬೇಡಿ. ಒಳಗಿರೋದನ್ನೆಲ್ಲ ಮೊದಲು ಬೇರೆ ಡಿಸ್ಕಿಗೆ ನಕಲು ಮಾಡಿಕೊಂಡು ಬನ್ನಿ. ನಿಮ್ಮ ಕಣ್ಣೆದುರೇ ಪೆನ್‌ಡ್ರೈವ್‌ನಿಂದ ಓಡಿಸಿ ತೋರಿಸುತ್ತೇನೆ, ಇಷ್ಟ ಆದರೆ ಹಾಕೋಣ. ಚಾರ್ಜರ್ ತನ್ನಿ. ಪ್ರತಿ ಸಲ ಹೇಳುತ್ತೇನೆ, ಪ್ರತಿ ಸಲ ಎಲ್ಲರೂ ಮರೆತು ಬರುತ್ತಾರೆ.